ಏಳು ಟೇಪಿನಲ್ಲಿ 1565

ಇತಿಹಾಸದ ಪಾಠಕ್ಕೆ ಕಾಲಪಟ್ಟಿ ಮಾಡಿ ಮಾಡಿ ನನಗೂ ಸಾಕಾಗಿತ್ತು, ಮಕ್ಕಳಿಗೂ. ಗೋಡೆ ಮೇಲೆ 1336, 1565, 1799 ಅಂತ ಮೂರು ಗೂಟ ಹೊಡೆದ ಹಾಗೆ ಕಾಣುತ್ತದೆ. ನಡುವೆ ಖಾಲಿ. ಅದಕ್ಕೇ 1565 ಒಂದೇ ವರ್ಷ ಹಿಡಿದು, ದಿನಕ್ಕೊಂದು ಇಂಚಿನಂತೆ ಕಾರಿಡಾರ್ ಉದ್ದಕ್ಕೂ ಕಟ್ಟೋಣ ಅಂದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. "ಮೊದಲು ಪೋರ್ಷನ್ ಮುಗಿಸಿ ಮೇಷ್ಟ್ರೇ, ಆಮೇಲೆ ಹಗ್ಗ ಕಟ್ಟಿ" ಅಂದರು ಗಣಿತದ ಮೇಷ್ಟ್ರು.

ಮೊದಲನೇ ಸಲ ಫ್ಲೆಕ್ಸ್ ಮಾಡಿಸಿದೆ. ಹತ್ತಿರ ಹತ್ತಿರ ಎರಡು ಸಾವಿರ, ನನ್ನ ಜೇಬಿನಿಂದಲೇ. ಅಕ್ಷರ ಎಷ್ಟು ಚಿಕ್ಕದಾಗಿತ್ತೆಂದರೆ ಮೂಗು ತಾಗಿಸಿ ಓದಬೇಕು. ತಪ್ಪು ಸಿಕ್ಕಿದರೆ ತಿದ್ದುವ ಹಾಗೂ ಇಲ್ಲ. ಈಗ ಅದು ಸೈಕಲ್ ಸ್ಟ್ಯಾಂಡಿನ ಮೇಲೆ ಮಳೆ ತಡೆಯುತ್ತಿದೆ. ಆಮೇಲೆ ಹುರಿ ಹಗ್ಗಕ್ಕೆ ಇಂಚಿಗೊಂದು ಮಸಿ ಗುರುತು ಹಾಕಿದೆ. ಜುಲೈ ಮಳೆಗೆ ನೆನೆದು ಗುರುತೆಲ್ಲ ಕದಡಿತು.

ಟೈಲರ್ ಟೇಪು ಹೊಳೆದದ್ದು ಹೆಂಡತಿಯ ಹೊಲಿಗೆ ಡಬ್ಬಿ ನೋಡಿ. ಒಂದರಲ್ಲಿ 60 ಇಂಚು. ಆರು ಪೂರ್ತಿ, ಏಳನೆಯದರಲ್ಲಿ ಐದಿಂಚು, ಅಲ್ಲಿಗೆ 365. ಒಂದಕ್ಕೆ ಹದಿನೈದೋ ಇಪ್ಪತ್ತೋ ಕೊಟ್ಟ ನೆನಪು. ಬಟ್ಟೆ ಕ್ಲಿಪ್ಪು ಸೇರಿ ಮುನ್ನೂರರ ಒಳಗೆ ಮುಗಿಯಿತು. ಚೀಟಿಗೆ ಹಳೇ ಮದುವೆ ಪತ್ರಿಕೆಗಳ ಹಿಂಭಾಗ, ಅದು ಪುಕ್ಕಟೆ.

ಅಲ್ಲೂ ಎಡವಿದೆ. ಟೇಪುಗಳನ್ನು ಸೇರಿಸಿ ಹೊಲಿಯಲು ಟೈಲರಿಗೆ ಕೊಟ್ಟರೆ, ನೀಟಾಗಿರಲಿ ಅಂತ ತುದಿಯ ತಗಡು ಕತ್ತರಿಸಿ ಹೊಲಿದಿದ್ದರು. ಮೊದಲನೇ ಟೇಪಿನ 60ನೇ ಇಂಚೇ ಮಾಯ. ಅದು ಮಾರ್ಚ್ 1, ಪೋರ್ಚುಗೀಸರು ಬ್ರೆಜಿಲ್ಲಿನಲ್ಲಿ ರಿಯೋ ಡಿ ಜನೈರೋ ಊರು ಕಟ್ಟಿದ ದಿನ. ಊರೇ ಹೊಲಿಗೆಯೊಳಗೆ ಹೋಯಿತು! ಮೇಲಾಗಿ ನಾಲ್ಕನೇ ಟೇಪು ಸೆಂಟಿಮೀಟರ್ ಮುಖ ಮೇಲಾಗಿತ್ತು. ಎಲ್ಲ ಬಿಚ್ಚಿಸಿ, ಹೊಸ ಟೇಪು ತಂದು, ಹೊಲಿಗೆ ಇಲ್ಲದೇ ಜೋಡಿಸಿದೆ. ಹೇಗೆ ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ತಾರೀಖಿನದು ಇನ್ನೊಂದು ಗೋಜಲು. ನಾವೀಗ ಬಳಸುವ ಗ್ರೆಗೋರಿಯನ್ ಲೆಕ್ಕ ಬಂದದ್ದು 1582ರಲ್ಲಿ. ಹಾಗಾಗಿ ಎಲ್ಲವನ್ನೂ ಅದಕ್ಕೂ ಹಿಂದಿನ ಜೂಲಿಯನ್ ಲೆಕ್ಕದಲ್ಲೇ ಇಟ್ಟೆ. ಬೆರೆಸಿದರೆ ಹತ್ತು ಇಂಚು ಪಲ್ಲಟ. ಮೊದಲ ಸಲ ಬೆರೆಸಿಯೇ ಕೆಟ್ಟಿದ್ದೆ. ವಿಜಯನಗರ ಸೋತ ನಮ್ಮ ಯುದ್ಧದ ಚೀಟಿಯ ಮೇಲೆ ಮೂರೂ ಲೆಕ್ಕ ಬರೆಸಿದೆ: 23 ಜನವರಿ ಮಂಗಳವಾರ, ಹಿಜರಿ 972, ಶಕ 1486 ರಕ್ತಾಕ್ಷಿ ಸಂವತ್ಸರ. ತಾಳಿಕೋಟೆ ಅಂತಲೋ ರಕ್ಕಸಗಿ-ತಂಗಡಗಿ ಅಂತಲೋ ಮಕ್ಕಳು ಜಗಳಕ್ಕೆ ಬಿದ್ದರು. ಎರಡನ್ನೂ ಬರೆಯಿರಿ ಅಂದೆ.

ಆ 23ನೇ ಇಂಚಿಗೆ ಕೆಂಪು ನೂಲು ಕಟ್ಟಿದೆವು. ಅಳಿಯ ರಾಮರಾಯ ರಣರಂಗದಲ್ಲೇ ಹೋದ. ಅವನ ತಮ್ಮ ತಿರುಮಲ, ದೊರೆ ಸದಾಶಿವರಾಯನನ್ನು ಕರೆದುಕೊಂಡು ಪೆನುಕೊಂಡೆಗೆ ಹೋದ. ರಾಜಧಾನಿಯ ಲೂಟಿ ಐದಾರು ತಿಂಗಳು ನಡೆಯಿತು ಎನ್ನುತ್ತಾರಲ್ಲ, ಅದಕ್ಕೇ ನೂಲನ್ನು ಮೂರನೇ ಟೇಪಿನ ತುದಿವರೆಗೂ ಎಳೆದೆವು. ಎಳೆಯುತ್ತಾ ಹೋದ ಹಾಗೆ ಕೆಳಗಿನ ಚೀಟಿಗಳು ಒಂದೊಂದಾಗಿ ಕಾಣತೊಡಗಿದವು. 60ರಲ್ಲಿ ರಿಯೋ. 117ರಲ್ಲಿ ಲೆಗಾಸ್ಪಿಯ ಸ್ಪೇನಿನ ಹಡಗುಗಳು ಫಿಲಿಪೈನ್ಸಿನ ಸೆಬುಗೆ ಬಂದದ್ದು. 138ರಲ್ಲಿ ಮೆಡಿಟರೇನಿಯನ್ನಿನ ಮಾಲ್ಟಾ ದ್ವೀಪದ ಎದುರು ಮುತ್ತಿಗೆಗೆ ಬಂದ ತುರ್ಕರ ನೌಕಾಪಡೆ. 168ರಲ್ಲಿ ಜಪಾನಿನ ಶೋಗನ್ (ಸೇನಾಧಿಪತಿ-ಆಳುವವ) ಅಶಿಕಾಗಾ ಯೋಶಿತೆರುವಿನ ಕೊಲೆ. ಒಬ್ಬಳು ಹುಡುಗಿ ನೂಲು ಹಿಡಿದು ನಿಂತು, "ಸಾರ್, ಹಂಪಿ ಉರೀತಿದ್ದಾಗಲೇ ಇದೆಲ್ಲಾ?" ಅಂದಳು. ಹಂಪಿ ನಮ್ಮೂರಿಂದ ಒಂದು ಗಂಟೆ ದಾರಿ. ಹದಿನೆಂಟು ವರ್ಷದಲ್ಲಿ ಈ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ.

ನೀಲಿ ನೂಲು ಇನ್ನೊಂದು. ಲೆಗಾಸ್ಪಿಯ ಪಡೆಯ ಜೊತೆ ಬಂದಿದ್ದ ಉರ್ದನೇತಾ ಎಂಬ ಪಾದ್ರಿ ಸೆಬುವಿನಿಂದ ಹೊರಟದ್ದು ಜೂನ್ 1, 152ನೇ ಇಂಚು. ಮೆಕ್ಸಿಕೋದ ಅಕಾಪುಲ್ಕೋ ಮುಟ್ಟಿದ್ದು ಅಕ್ಟೋಬರ್ 8, 281. ಪೆಸಿಫಿಕ್ ದಾಟಿ ವಾಪಸ್ ಹೋಗುವ ದಾರಿ ಸಿಕ್ಕಿತು. ಮುಂದೆ ಮನಿಲಾ ಗ್ಯಾಲಿಯನ್ನುಗಳು, ಅಂದರೆ ಸ್ಪೇನಿನ ವ್ಯಾಪಾರದ ಹಡಗುಗಳು, ಓಡಾಡಿದ್ದು ಇದೇ ದಾರಿಯಲ್ಲಿ. ಮಕ್ಕಳು 129 ಇಂಚು ನಡೆದು ನೋಡಿದರು. ಆ ಪಡೆ ಮೆಕ್ಸಿಕೋ ಬಿಟ್ಟದ್ದು ಹಿಂದಿನ ವರ್ಷದ ನವೆಂಬರಿನಲ್ಲಿ, ಅಂದರೆ ಟೇಪಿನ ಆಚೆ. ಆ ತುಂಡು ನೂಲನ್ನು ಕಿಟಕಿಯಿಂದ ಹೊರಗೆ ಇಳಿಬಿಟ್ಟೆವು.

251ರಲ್ಲಿ ಕ್ಲಿಪ್ಪಿಗೆ ಜಾಗವೇ ಸಾಲಲಿಲ್ಲ. ಸೆಪ್ಟೆಂಬರ್ 8, ಮಾಲ್ಟಾದ ಮುತ್ತಿಗೆ ತೆಗೆದ ದಿನ, ಅಮೆರಿಕದ ಫ್ಲಾರಿಡಾದಲ್ಲಿ ಸ್ಪೇನಿನ ಮೆನೆಂಡೆಸ್ ಸೇಂಟ್ ಅಗಸ್ಟಿನ್ ಊರು ಹೂಡಿದ ದಿನವೂ ಹೌದು. ಒಂದೇ ಕ್ಲಿಪ್ಪಿಗೆ ಎರಡು ಚೀಟಿ ಹಾಕಿದೆ. ಅಕ್ಬರ್ ಆಗ್ರಾ ಕೋಟೆ ಕಟ್ಟಿಸಲು ಶುರು ಮಾಡಿದ್ದು ಆ ವರ್ಷವೇ. ಆದರೆ ಅದಕ್ಕೆ ಇಂಥದೇ ಇಂಚು ಅಂತ ಕೊಡಲಿಲ್ಲ. ಅಂಥವಕ್ಕೆಲ್ಲ ಕೊನೆಯಲ್ಲಿ ಒಂದು ಬಟ್ಟೆ ಚೀಲ. ಯಾವ ಚೀಟಿ ಚೀಲಕ್ಕೆ, ಯಾವುದು ಟೇಪಿಗೆ ಅಂತ ಮಕ್ಕಳಿಂದಲೇ ತೀರ್ಮಾನ ಮಾಡಿಸಲು ಒಂದು ಉಪಾಯ ಇದೆ. ಅದನ್ನೂ ಸದ್ಯಕ್ಕೆ ಹೇಳುವುದಿಲ್ಲ.

ಸುಮ್ನೆ 1799ನ್ನೂ ಹಾಕಿ ನೋಡಿದೆ. 124ರಲ್ಲಿ ಟಿಪ್ಪು ಬಿದ್ದ. ಆ ಹೊತ್ತಿಗೆ ನೆಪೋಲಿಯನ್ ಬೋನಪಾರ್ಟೆ ಈಗಿನ ಇಸ್ರೇಲಿನ ಅಕ್ರೆ ಕೋಟೆಯ ಮುಂದೆ ಕೂತಿದ್ದ, ಮುತ್ತಿಗೆ ಬಿಟ್ಟು ಎದ್ದದ್ದು 140ರಲ್ಲಿ. ಹದಿನಾರು ಇಂಚು, ಎರಡು ಗೇಣಿಗೆ ಸ್ವಲ್ಪ ಕಮ್ಮಿ. ಚೆನ್ನಾಗಿ ಕೂರುತ್ತಿತ್ತು, ಕ್ಲಿಪ್ಪು ಸಾಲದೆ ಅರ್ಧಕ್ಕೆ ಬಿಟ್ಟೆ. ಕಳೆದ ತಿಂಗಳು ಎರಡು ಡಜನ್ ಕ್ಲಿಪ್ಪು ತಂದುಕೊಟ್ಟವರು ಅದೇ ಗಣಿತದ ಮೇಷ್ಟ್ರು. ಕೂಡುವ ಲೆಕ್ಕಕ್ಕೆ ಟೇಪು ಒಂದು ವಾರ ಬೇಕಂತೆ.