ಪೀಠಿಕೆ ಬಿಟ್ಟು ಪಟ್ಟಿಯಿಂದ ಶುರು ಮಾಡಿದೆ: ಸೊರಬದ ವೀರಗಲ್ಲುಗಳ ಲೇಖನ, ನನ್ನ ಅನುಭವ

ಸಂಶೋಧನಾ ಲೇಖನ ಬರೆಯುವುದಾದರೆ ಮೊದಲು ಐವತ್ತು ಲೇಖನ ಓದಿ, ಟಿಪ್ಪಣಿ ಮಾಡಿ, ಆಮೇಲೆ ಪೀಠಿಕೆ ಬರೆಯಿರಿ ಅಂತ ನಮ್ಮ ವಿಭಾಗದಲ್ಲಿ ಎಲ್ಲರೂ ಹೇಳುವವರೇ. ನಾನು ಶಾಸನಗಳ ಪಟ್ಟಿಯಿಂದ ಶುರು ಮಾಡುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕರು. "ಇದೇನು ಮಾರಾಯ್ರೇ, ದಿನಸಿ ಚೀಟಿಯಾ?" ಅಂದರು ಒಬ್ಬರು. ಈಗ ಲೇಖನ ಅಚ್ಚಾಗಿದೆ. ಒಂದು ರೂಪಾಯಿ ಕೊಟ್ಟಿಲ್ಲ, ಇಬ್ಬರು ವಿಮರ್ಶಕರು ಓದಿ ಒಪ್ಪಿದ್ದಾರೆ. ಚೀಟಿ ಅಂದವರೇ ಮೊನ್ನೆ ಆ ಪಟ್ಟಿಯ ನಮೂನೆ ಕಳಿಸಿ ಅಂತ ಫೋನ್ ಮಾಡಿದ್ದರು.

ಇದಕ್ಕೆ ಮೊದಲು ಎರಡು ವರ್ಷದ ಹತ್ತಿರ "ಮಲೆನಾಡಿನ ವೀರಗಲ್ಲುಗಳು: ಒಂದು ಅಧ್ಯಯನ" ಅನ್ನೋ ಫೈಲ್ ಲ್ಯಾಪ್‌ಟಾಪಿನಲ್ಲಿ ಬಿದ್ದಿತ್ತು. ಪೀಠಿಕೆಯೇ ಹತ್ತು ಹನ್ನೆರಡು ಪುಟ. ವೀರಗಲ್ಲು (ಕಾಳಗದಲ್ಲಿ ಸತ್ತವನ ನೆನಪಿನ ಕಲ್ಲು) ಅಂದರೇನು, ಕದಂಬರು ಯಾರು, ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ, ಎಲ್ಲ ನಿಮಗೆ ಗೊತ್ತಿರೋದೇ. ಅದನ್ನೇ ಒಂದು ಪತ್ರಿಕೆಗೆ ಕಳಿಸಿದ್ದೆ. ಮೂರು ಸಾವಿರದಷ್ಟು ಕೇಳಿದರು, ಕೊಟ್ಟೆ, ವಾರದೊಳಗೆ ಬಂತು. ಒಂದು ಅಕ್ಷರ ತಿದ್ದಿರಲಿಲ್ಲ. ಸಂದರ್ಶನದಲ್ಲಿ ತೋರಿಸಿದರೆ ಲೆಕ್ಕಕ್ಕೇ ತಗೊಳ್ಳಲಿಲ್ಲ. ಅದರ ಮೇಲೆ ಡಿಟಿಪಿ ಖರ್ಚು ಬೇರೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದನ್ನು ಯುನಿಕೋಡ್‌ಗೆ ಬದಲಿಸಿದಾಗ ಅರ್ಕಾವತ್ತು, ಒತ್ತಕ್ಷರ ಎಲ್ಲ ದಿಕ್ಕಾಪಾಲಾಗಿ, ಹಳಗನ್ನಡದ ಪಾಠವನ್ನು ಪೂರ್ತಿ ಮತ್ತೆ ಟೈಪ್ ಮಾಡಬೇಕಾಯಿತು. ಒಟ್ಟು ಏಳೆಂಟು ಸಾವಿರ ಹೋಗಿರಬೇಕು. ಅತಿಥಿ ಉಪನ್ಯಾಸಕರಿಗೆ ಏಳೆಂಟು ಸಾವಿರ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾ?

ಈ ಸಲ ಒಂದೇ ಸಂಪುಟ, ಒಂದೇ ತಾಲ್ಲೂಕು, ಒಂದೇ ಪ್ರಶ್ನೆ ಅಂತ ಕೂತೆ. ರೈಸ್ ಅವರ ಶಾಸನ ಸಂಪುಟಗಳ ಸರಣಿ ಎಪಿಗ್ರಾಫಿಯಾ ಕರ್ನಾಟಿಕಾ, ಅದರಲ್ಲಿ 1904ರ 8ನೇ ಸಂಪುಟ. ಅದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ಇವೆ, ನಾನು ಸೊರಬ ಬಿಟ್ಟು ಬೇರೆ ಮುಟ್ಟಲಿಲ್ಲ. ಪ್ರಶ್ನೆ ಇಷ್ಟು: ಸತ್ತವನ ಮನೆಯವರಿಗೆ ನೆತ್ತರುಗೊಡಗೆ (ಚೆಲ್ಲಿದ ನೆತ್ತರಿಗಾಗಿ ಕೊಡುವ ಭೂಮಿ) ಕೊಟ್ಟಿದ್ದು ಯಾವ ಜಗಳಗಳಿಗೆ, ಕೊಟ್ಟವರು ಯಾರು? ಎಕ್ಸೆಲ್‌ನಲ್ಲಿ ಶಾಸನ ಸಂಖ್ಯೆ, ಊರು, ಶಕ ವರ್ಷ, ಸಂವತ್ಸರ, ಕಾರಣ, ಕೊಡುಗೆ, ಕೊಟ್ಟವರು ಅಂತ ಕಾಲಂ ಹಾಕಿದೆ. ಕಾರಣದಲ್ಲಿ ತುರುಗೊಳ್ (ದನ ಹಿಡಿದೊಯ್ಯುವುದು), ಊರಳಿವು (ಊರು ಹಾಳುಗೆಡವುವುದು), ಪೆಣ್ಬುಯ್ಯಲ್ (ಹೆಂಗಸರ ಮೊರೆ), ದೊರೆಗಾಗಿ ಕಾಳಗ, ಇಷ್ಟೇ. ಯಾವುದಕ್ಕೂ ಸೇರದ್ದಕ್ಕೆ "ಇತರೆ" ಅನ್ನೋ ಗೂಡು ಬೇಡ ಅಂತ ಹಟ ಮಾಡಿದೆ. ಅದು ಇದ್ದರೆ ಅರ್ಧ ಕಲ್ಲು ಅಲ್ಲೇ ಹೋಗಿ ಕೂರುತ್ತವೆ.

ಜಾಸ್ತಿ ಸಮಯ ತಿಂದಿದ್ದು ಕಾಲದ ಕಾಲಂ. ಶಕ ವರ್ಷ ಇದ್ದರೆ 78 (ವರ್ಷದ ಕೊನೆಯ ತಿಂಗಳುಗಳಾದರೆ 79) ಕೂಡಿಸಿ ಕ್ರಿ.ಶ. ವರ್ಷ ಬರೆದು ಮುಗಿಸಬಹುದು. ಅದು ಸವೆದು ಸಂವತ್ಸರ ಮಾತ್ರ ಉಳಿದಿದ್ದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ, ಅರಸನ ಹೆಸರೂ ಇಲ್ಲದಿದ್ದರೆ ಸುಮ್ನೆ ಊಹೆ. ಅಂಥವನ್ನೆಲ್ಲ ಬೇರೆ ಹಾಳೆಗೆ ಎತ್ತಿಟ್ಟೆ. ಇನ್ನೊಂದು, ಕೊಡುಗೆಯ ಕಾಲಂನಲ್ಲಿ "ಹೇಳಿಲ್ಲ" ಬೇರೆ, "ಕಲ್ಲು ಒಡೆದಿದೆ" ಬೇರೆ. ವಿಮರ್ಶಕರಲ್ಲಿ ಒಬ್ಬರು ಸರಿಯಾಗಿ ಇಲ್ಲಿಗೇ ಕೈ ಹಾಕಿದರು: ಬರೆದಿಲ್ಲ ಅಂದರೆ ಕೊಟ್ಟಿಲ್ಲ ಅಂತ ಹೇಗೆ ಹೇಳುತ್ತೀರಿ? ಎರಡನ್ನೂ ಮೊದಲೇ ಬೇರೆ ಮಾಡಿಟ್ಟಿದ್ದರಿಂದ ಒಂದು ಸಂಜೆಯಲ್ಲಿ ಉತ್ತರ ಕಳಿಸಿದೆ. ಸಾಲುಗಳನ್ನು ಯಾವ ಕ್ರಮದಲ್ಲಿ ಜೋಡಿಸಿ ನೋಡಿದರೆ ಕೊಟ್ಟವರ ಗುಂಪು ಎದ್ದು ಕಾಣುತ್ತದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದರ ಮೇಲೆ ಇನ್ನೊಂದು ಲೇಖನ ಬಾಕಿ ಇದೆ.

ಪಟ್ಟಿ ಮುಗಿದ ರಾತ್ರಿ ಅದರ ಕೆಳಗೆ, ಪಟ್ಟಿ ಹೇಳುತ್ತಿರುವುದನ್ನು ಮೂರು ವಾಕ್ಯದಲ್ಲಿ ಬರೆದೆ. ಲೇಖನ ಶುರುವಾಗಿದ್ದು ಅಲ್ಲಿ. ಒಂದೊಂದು ವಾಕ್ಯಕ್ಕೂ ಕಲ್ಲುಗಳ ಪಾಠ ಸೇರಿಸಿದರೆ ಎರಡೆರಡು ಪುಟ ತಾನಾಗಿ ಆಗುತ್ತದೆ. ಓದಿದ್ದು ಆಮೇಲೆ, ಆ ಮೂರು ವಾಕ್ಯ ಯಾರಾದರೂ ಮೊದಲೇ ಹೇಳಿದ್ದಾರಾ ಅಂತ ನೋಡಲಿಕ್ಕೆ. ಹದಿನೈದು ಲೇಖನವೂ ಆಗಿರಲಿಕ್ಕಿಲ್ಲ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಗಿ ಬರುವ ಬಸ್ ಚಾರ್ಜು ಮತ್ತು ಜೆರಾಕ್ಸ್ ಸೇರಿ ಆರೇಳು ನೂರು. ಪೀಠಿಕೆ ಕೊನೆಯ ವಾರದಲ್ಲಿ, ಒಂದೂವರೆ ಪುಟ.

ನಡುವೆ ಕೆಲವು ಕಲ್ಲು ನೋಡಲು ಹೋಗಿದ್ದೆ. ಅಕ್ಷರ ಕಾಣಲಿ ಅಂತ ಕೆಲವರು ಹಿಟ್ಟು, ಸೀಮೆಸುಣ್ಣ ಉಜ್ಜುತ್ತಾರೆ, ಕಲ್ಲಿಗೆ ಒಳ್ಳೆಯದಲ್ಲ, ಬೇಡ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ತಾಗುವ ಹಾಗೆ ಓರೆಯಾಗಿ ಹಿಡಿದರೆ ಮಧ್ಯಾಹ್ನ ಕಾಣದ ಸಾಲು ಕಾಣುತ್ತದೆ. ಉಂಬಳಕ್ಕೆ (ಜಿಗಣೆಗೆ) ಹೆದರುವವರು ಮಳೆ ನಿಂತ ಮೇಲೆ ಹೋಗಿ. ಮಾತಾಡಿ ಟೈಪ್ ಮಾಡಿಸುವುದನ್ನೂ ನೋಡಿದೆ. ನಮ್ಮ ಮಾತಿಗೆ ಪರವಾಗಿಲ್ಲ, ಪೆಣ್ಬುಯ್ಯಲ್ ಅಂದರೆ "ಪೆನ್ನು ಬಯಲು" ಅಂತ ಬಂತು. ಎಐ ಅಂತೂ ಇಲ್ಲದ ಶಾಸನಕ್ಕೆ ಸಂಖ್ಯೆ ಹುಟ್ಟಿಸಿ ಕೊಟ್ಟಿತು, ಸಂಪುಟ ತೆರೆದು ನೋಡಿದರೆ ಆ ಸಂಖ್ಯೆಯಲ್ಲಿ ಒಂದು ದೇವಸ್ಥಾನದ ದಾನಶಾಸನ.

ಪತ್ರಿಕೆ ಆರಿಸುವಾಗ ಯುಜಿಸಿ ಕೇರ್ ಪಟ್ಟಿ (ಯುಜಿಸಿ ಒಪ್ಪಿದ ಪತ್ರಿಕೆಗಳ ಪಟ್ಟಿ) ನೋಡುವ ಅಭ್ಯಾಸ ಇತ್ತಲ್ವಾ, 2025ರಲ್ಲಿ ಅದನ್ನೇ ಕೈಬಿಟ್ಟರು. ನಾನು ಹಳೆಯ ಸಂಚಿಕೆ ತರಿಸಿಕೊಂಡು, ಸಂಪಾದಕ ಮಂಡಳಿಯಲ್ಲಿ ಶಾಸನ ಓದಬಲ್ಲವರು ಇದ್ದಾರಾ ಅಂತ ನೋಡಿ ಕಳಿಸಿದೆ. ಉತ್ತರಕ್ಕೆ ಐದಾರು ತಿಂಗಳು ಹಿಡಿಯಿತು.

ಈಗ 7ನೇ ಸಂಪುಟದ ಶಿಕಾರಿಪುರ ಹಿಡಿದಿದ್ದೇನೆ. ನಮೂನೆ ಬೇಕಾದವರು ಕೇಳಿ, ಕಾಲಂ ಹಾಕಿದ ಖಾಲಿ ಹಾಳೆ ಕಳಿಸುತ್ತೇನೆ. ತುಂಬಿದ್ದನ್ನು ಮಾತ್ರ ಕೇಳಬೇಡಿ.