ಶಾಲೆಯಂಗಳದಿಂದ ಕೆರೆಯಂಚಿಗೆ: ಭೂಗೋಳವನ್ನು ಹೊರಗೆ ಕಲಿಸುವ ಬಗೆ

ಆರು, ಏಳನೇ ತರಗತಿಯ ಮಕ್ಕಳಿಗೆ ದಿಕ್ಕು, ಪ್ರಮಾಣ, ಸಮೋನ್ನತ ರೇಖೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಇವೆಲ್ಲ ಬಾಯಿಪಾಠವಾಗಿ ಚೆನ್ನಾಗಿಯೇ ಬರುತ್ತವೆ. ನಕ್ಷೆ ಕೈಗೆ ಕೊಟ್ಟು, "ಇಲ್ಲಿ ಮಳೆ ಬಿದ್ದರೆ ನೀರು ಯಾವ ಕಡೆ ಹರಿಯುತ್ತೆ?" ಅಂತ ಕೇಳಿದರೆ ಸುಮ್ಮನಾಗಿಬಿಡುತ್ತಾರೆ. ಅದಕ್ಕೇ ನನ್ನ ತರಗತಿಯಲ್ಲಿ ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ: ಕಾಲಲ್ಲಿ ನಡೆದು ಅಳೆಯದ ಯಾವುದನ್ನೂ ಮಕ್ಕಳು ಕಾಗದದ ಮೇಲೆ ಬಿಡಿಸುವಂತಿಲ್ಲ. ಚಿಕ್ಕಬಳ್ಳಾಪುರ ಸೀಮೆಯ ಏರುತಗ್ಗಿನ ನೆಲಕ್ಕೆ ಹೊಂದುವಂತೆ ಮಾಡಿಕೊಂಡ ಕ್ರಮ ಇದು. ಬೇರೆ ಕಡೆಯೂ ನಡೆಯುತ್ತದೆ, ಅಂಕಿಗಳು ಮಾತ್ರ ಸ್ವಲ್ಪ ಬದಲಾಗುತ್ತವೆ.

ಮೊದಲು ದಿಕ್ಕು. ಒಂದು ಮೀಟರ್ ಉದ್ದದ ನೆಟ್ಟಗಿನ ಕೋಲನ್ನು ಅಂಗಳದಲ್ಲಿ ನೆಟ್ಟು, ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು ಲಂಬ ನೋಡಬೇಕು. ಬೆಳಿಗ್ಗೆ ಹತ್ತರ ಹೊತ್ತಿಗೆ ನೆರಳಿನ ತುದಿಗೆ ಗುರುತು ಹಾಕಿ, ಅಷ್ಟೇ ಉದ್ದದ ದಾರದಿಂದ ಕೋಲಿನ ಸುತ್ತ ವೃತ್ತ ಎಳೆಯುವುದು. ಮಧ್ಯಾಹ್ನದ ಮೇಲೆ ನೆರಳು ಮತ್ತೆ ಬೆಳೆದು ವೃತ್ತವನ್ನು ಮುಟ್ಟಿದ ಕಡೆ ಇನ್ನೊಂದು ಗುರುತು. ಎರಡನ್ನೂ ಸೇರಿಸಿದ ಗೆರೆಯೇ ಪಶ್ಚಿಮ–ಪೂರ್ವ. ಬೆಳಗಿನ ಗುರುತು ಪಶ್ಚಿಮದ್ದು. ಗಡಿಯಾರದಲ್ಲಿ ಹನ್ನೆರಡು ಹೊಡೆದಾಗಿನ ನೆರಳನ್ನು ನಂಬಬಾರದು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು ಹೆಚ್ಚುಕಡಿಮೆ 77.7ರಲ್ಲಿ. ಹಾಗಾಗಿ ಇಲ್ಲಿನ ನಡುಹಗಲು ಸರಾಸರಿ 12:19ಕ್ಕೆ; ನವೆಂಬರ್ ಆರಂಭದಲ್ಲಿ 12:03ರ ಆಸುಪಾಸು, ಫೆಬ್ರವರಿ ಮಧ್ಯದಲ್ಲಿ 12:33ರ ಆಸುಪಾಸು.

ಇನ್ನೊಂದು ಎಡವಟ್ಟು ಜೂನ್‌ನಲ್ಲಿ ಎದುರಾಗುತ್ತದೆ. "ನಡುಹಗಲಿನ ನೆರಳು ಉತ್ತರಕ್ಕೆ ಬೀಳುತ್ತದೆ" ಎಂದು ಬರೆಸಿ ಹೊರಗೆ ಕರೆದುಕೊಂಡು ಬಂದರೆ ನೆರಳು ದಕ್ಷಿಣಕ್ಕಿರುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿ, ಆಗಸ್ಟ್ ಮಧ್ಯಭಾಗದಲ್ಲಿ ಹಿಂತಿರುಗುತ್ತಾನೆ. ಜೂನ್ 21ರಂದು ಮೀಟರ್ ಕೋಲಿನ ನೆರಳು ದಕ್ಷಿಣಕ್ಕೆ ಸುಮಾರು 18 ಸೆಂ.ಮೀ., ಡಿಸೆಂಬರ್ 22ರಂದು ಉತ್ತರಕ್ಕೆ ಸುಮಾರು 75. ಈ ಎರಡು ಅಳತೆಗಳನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಟ್ಟರೆ ಅಯನಗಳ ಪಾಠಕ್ಕೆ ಬೇರೆ ಮಾದರಿ ಬೇಕಿಲ್ಲ. ದಿಕ್ಸೂಚಿಯನ್ನು ಕೊಡುವುದು ಇದಾದ ಮೇಲೆ. ಧ್ವಜಸ್ತಂಭ, ಬೋರ್‌ವೆಲ್ ಪಂಪು, ಜೇಬಿನಲ್ಲಿರುವ ಕೈವಾರ ಇವೆಲ್ಲ ಮುಳ್ಳನ್ನು ಎಳೆಯುತ್ತವೆ, ದೂರವಿಡಿಸಿ.

ಹೆಜ್ಜೆಯ ಅಳತೆಗೆ 50 ಮೀಟರ್ ಹಗ್ಗ ಹಾಸಿ, ಪ್ರತಿ ಮಗುವೂ ಮೂರು ಸಲ ನಡೆದು, ಬಲಗಾಲು ಊರಿದ್ದನ್ನಷ್ಟೇ ಎಣಿಸಿ ಸರಾಸರಿ ತೆಗೆಯಬೇಕು. ಮೇಷ್ಟ್ರು ನೋಡುತ್ತಿದ್ದಾರೆಂದರೆ ಮಕ್ಕಳು ಹೆಜ್ಜೆ ಉದ್ದ ಮಾಡುತ್ತಾರೆ. ಕೈಗೆ ಅರ್ಧ ಬಕೆಟ್ ನೀರು ಕೊಟ್ಟು ನಡೆಸಿದರೆ ಸಹಜ ನಡಿಗೆ ಬರುತ್ತದೆ. ಆಮೇಲೆ ನಿಧಿ ಹುಡುಕುವ ಆಟ. ಒಂದು ಗುಂಪು ಹುಣಸೆಬೀಜದ ಪೊಟ್ಟಣ ಬಚ್ಚಿಟ್ಟು, ದಿಕ್ಕು ಮತ್ತು ಮೀಟರ್ ಮಾತ್ರ ಬರೆದ ಚೀಟಿ ಕೊಡುತ್ತದೆ. "ಬೇವಿನ ಮರದ ಹತ್ತಿರ" ಅಂತ ಬರೆಯುವಂತಿಲ್ಲ. ತಿರುವುಗಳು ನಾಲ್ಕಕ್ಕಿಂತ ಹೆಚ್ಚಿರಬಾರದು. 30 ಮೀಟರ್ ನಡಿಗೆಯಲ್ಲಿ ದಿಕ್ಕು ಹತ್ತು ಡಿಗ್ರಿ ತಪ್ಪಿದರೂ ಐದು ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಹೋಗುತ್ತೇವೆ, ತಿರುವು ಹೆಚ್ಚಾದಂತೆ ತಪ್ಪೂ ಕೂಡಿಕೊಳ್ಳುತ್ತದೆ.

ಇಡೀ ಕ್ರಮದ ಜೀವ ಇರುವುದು ಸಮೋನ್ನತ ರೇಖೆಯಲ್ಲಿ. ಇದಕ್ಕೆ ಗಾರೆ ಕೆಲಸದವರ ಲೆವೆಲ್ ಪೈಪಿಗಿಂತ ಒಳ್ಳೆಯ ಉಪಕರಣ ನನಗೆ ಸಿಕ್ಕಿಲ್ಲ. ಹತ್ತು ಮೀಟರ್ ಪಾರದರ್ಶಕ ಪೈಪು, ಒಂದೂವರೆ ಮೀಟರಿನ ಎರಡು ಕೋಲು, ಕೋಲಿನ ಉದ್ದಕ್ಕೂ ಸೆಂಟಿಮೀಟರ್ ಗುರುತು, ಸುಣ್ಣದ ಪುಡಿ, ನೀರಿಗೆ ಎರಡು ಹನಿ ಬಟ್ಟೆಯ ನೀಲಿ. ಮೇಜಿನ ಮೇಲೆ ಬಕೆಟ್ ಇಟ್ಟು ಪೈಪಿನ ಒಂದು ತುದಿಯನ್ನು ಅದರಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಸ್ವಲ್ಪ ಹೊತ್ತು ನೀರು ಹರಿಯಬಿಟ್ಟರೆ ಗುಳ್ಳೆಗಳು ಹೊರಟುಹೋಗುತ್ತವೆ. ತುದಿಗಳನ್ನು ಕೋಲುಗಳಿಗೆ ಕಟ್ಟಿ, ಎರಡನ್ನೂ ಪಕ್ಕಪಕ್ಕದಲ್ಲಿ ಸಮನೆಲದ ಮೇಲೆ ನಿಲ್ಲಿಸಿದಾಗ ನೀರು ಎರಡರಲ್ಲೂ 75ಕ್ಕೆ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಗುಳ್ಳೆ ಉಳಿದಿದೆ. ಪೈಪನ್ನು ಬೆರಳಿನಿಂದ ತಟ್ಟುತ್ತಾ ಬನ್ನಿ.

ಒಂದು ಕೋಲು ನಿಂತಲ್ಲೇ ನಿಲ್ಲುತ್ತದೆ, ಇನ್ನೊಂದು ಸುಮಾರು ಎರಡು ಮೀಟರ್ ಮುಂದೆ ಹೋಗುತ್ತದೆ. ಅದನ್ನು ಹಿಡಿದ ಮಗು ಇಳಿಜಾರಿನಲ್ಲಿ ಮೇಲೆ ಕೆಳಗೆ ಸರಿಯುತ್ತಾ, ಎರಡೂ ಕೋಲಿನಲ್ಲಿ ಒಂದೇ ಅಂಕಿ ಬಂದ ಜಾಗಕ್ಕೆ ಒಂದು ಚಿಟಿಕೆ ಸುಣ್ಣ ಹಾಕಿಸಬೇಕು. ಮಕ್ಕಳು ತಪ್ಪುವುದು ಇಲ್ಲಿ: ನೀರು ಕೋಲಿನಲ್ಲಿ ಮೇಲೇರಿದರೆ ತಾವೂ ಎತ್ತರದಲ್ಲಿದ್ದೇವೆ ಅಂದುಕೊಳ್ಳುತ್ತಾರೆ. ನಿಜದಲ್ಲಿ ತಗ್ಗಿನಲ್ಲಿರುವ ಕೋಲಿನಲ್ಲೇ ಅಂಕಿ ಹೆಚ್ಚು. ಕೋಲುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ನೀಲಿ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ತಂದುಕೊಂಡು ಓದಿದರೆ ಇದು ತಾನಾಗಿ ಅರ್ಥವಾಗುತ್ತದೆ, ನಾನು ಹೇಳಿಕೊಡುವುದಿಲ್ಲ. ನಡೆಯುವಾಗ ನೀರು ಚೆಲ್ಲದಂತೆ ಎರಡೂ ತುದಿಗೆ ಹೆಬ್ಬೆರಳು ಒತ್ತಿರಬೇಕು, ಓದುವಾಗ ತೆಗೆಯಬೇಕು. ತೆಗೆಯುವುದನ್ನು ಮರೆತರೆ ನೀರು ಸಮನಾಗುವುದೇ ಇಲ್ಲ.

ಮುಂದಿನ ರೇಖೆ 20 ಸೆಂ.ಮೀ. ಕೆಳಗೆ: ಮೇಲಿನ ಕೋಲಿನಲ್ಲಿ 65, ಕೆಳಗಿನದರಲ್ಲಿ 85 ಬರುವ ಜಾಗ. ನಾಲ್ವರ ಗುಂಪು, ಪ್ರತಿ ರೇಖೆಗೂ ಕೆಲಸ ಅದಲುಬದಲು. ಅಂಗಳದಲ್ಲಿ ಕನಿಷ್ಠ 60 ಸೆಂ.ಮೀ. ಇಳಿಜಾರು ಇಲ್ಲದಿದ್ದರೆ ಪಕ್ಕದ ಹೊಲದ ಅಂಚಿಗೆ ಹೋಗುವುದೇ ಸರಿ.

ರೇಖೆಗಳು ಸಿದ್ಧವಾದ ಮೇಲೆ ಪಂದ್ಯ. ಎಲ್ಲಕ್ಕಿಂತ ಮೇಲಿನ ರೇಖೆಯ ಒಂದು ಜಾಗದಲ್ಲಿ ಬಕೆಟ್ ನೀರು ಸುರಿಯುತ್ತೇನೆ. ಅದು ಕೆಳಗಿನ ರೇಖೆಯನ್ನು ಎಲ್ಲಿ ಮುಟ್ಟುತ್ತದೆಂದು ಪ್ರತಿ ಗುಂಪೂ ಮೊದಲೇ ತನ್ನ ಬಿಲ್ಲೆ ಇಟ್ಟಿರಬೇಕು. ರೇಖೆಗಳನ್ನು ನೀರು ಅಡ್ಡಡ್ಡ ಕತ್ತರಿಸಿಕೊಂಡು ಹೋಗುವುದು, ರೇಖೆಗಳು ಒತ್ತೊತ್ತಾದಲ್ಲಿ ಜೋರಾಗುವುದು ಎಲ್ಲರಿಗೂ ಕಾಣುತ್ತದೆ. ಒಣ ದೂಳಿನ ನೆಲದಲ್ಲಿ ನೀರು ಇಂಗಿಬಿಡುತ್ತದೆ, ಆದ್ದರಿಂದ ಮೊದಲು ನೆಲ ನೆನೆಸಿ. ಸುರಿಯುವುದೂ ನಿಧಾನವಾಗಿರಲಿ.

ಡಿಸೆಂಬರ್ ಕಳೆದ ಮೇಲೆ ಕೆರೆಗೆ ಹೋಗಬೇಕು. ನೀರು ಇಳಿಯುತ್ತಾ ಹೋದಂತೆ ಅಂಚಿನ ಮಣ್ಣಿನಲ್ಲಿ ಒಂದರ ಕೆಳಗೊಂದು ಬರೆ ಉಳಿಯುತ್ತದೆ. ಅಂಗಳದಲ್ಲಿ ಪೈಪು ಹಿಡಿದು ಎಳೆದ ರೇಖೆಗಳನ್ನು ಇಲ್ಲಿ ನೀರೇ ಎಳೆದಿಟ್ಟಿದೆ ಎಂದು ಮಕ್ಕಳೇ ಗುರುತಿಸುತ್ತಾರೆ. ಕೋಡಿಯ ಮಟ್ಟಕ್ಕೆ ನಿಂತ ನೀರಿನಂಚು ಅದರಲ್ಲಿ ಎಲ್ಲಕ್ಕಿಂತ ಮೇಲಿನ ರೇಖೆ. ಅದನ್ನು ಮೀರಿದ್ದು ಕೆಳಗಿನ ಕೆರೆಗೆ. ಇದನ್ನೆಲ್ಲ ಏರಿಯ ಮೇಲಿಂದ ಮತ್ತು ಗಟ್ಟಿ ನೆಲದಿಂದಲೇ ನೋಡಿಸಿ. ಮಣ್ಣು ತೆಗೆದ ಕೆರೆಗಳಲ್ಲಿ ಆಳುದ್ದದ ಗುಂಡಿಗಳು ನೀರಿನ ಕೆಳಗೆ ಕಾಣುವುದಿಲ್ಲ. ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರಾದರೂ ಇರಲೇಬೇಕು, ನೀರಿಗೆ ಯಾರೂ ಇಳಿಯಕೂಡದು.

ಇಷ್ಟಾದ ಮೇಲೇ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯ ಹಾಳೆ. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್, ಕಂದು ರೇಖೆಗಳ ನಡುವೆ 20 ಮೀಟರ್ ಎತ್ತರ, ಅಂದರೆ ಅಂಗಳದಲ್ಲಿ ಎಳೆದದ್ದರ ನೂರು ಪಟ್ಟು. ಪ್ರಿಂಟ್ ತೆಗೆಸುವಾಗ ಕಾಗದದ ಅಳತೆಗೆ ಕುಗ್ಗಿಸಿದ್ದರೆ ಈ ಲೆಕ್ಕ ಕೆಡುತ್ತದೆ; ಹಾಳೆಯಲ್ಲಿರುವ ಪ್ರಮಾಣದ ಪಟ್ಟಿಯನ್ನು ಸ್ಕೇಲಿನಿಂದ ಅಳೆದು ನೋಡಿ. ನಂದಿ ಬೆಟ್ಟಸಾಲಿನ ಹಾಳೆಯಾದರೆ ಇನ್ನೂ ಒಳ್ಳೆಯದು. ಅರ್ಕಾವತಿ, ದಕ್ಷಿಣ ಪಿನಾಕಿನಿ, ಉತ್ತರ ಪಿನಾಕಿನಿ ಹುಟ್ಟುವುದು ಇದೇ ಬೆಟ್ಟಗಳ ಸುತ್ತ. ಒಂದು ಕಾವೇರಿ ಸೇರುತ್ತದೆ, ಇನ್ನೊಂದು ತಮಿಳುನಾಡಿಗೆ, ಮತ್ತೊಂದು ಆಂಧ್ರಕ್ಕೆ.

ಮೊದಲ ಕೆಲಸವಾಗಿ ರೇಖೆಗಳನ್ನು ನೋಡದೆ ಕೆರೆಗಳ ಆಕಾರವನ್ನಷ್ಟೇ ನೋಡಿ ನೀರು ಹರಿಯುವ ದಿಕ್ಕು ಹೇಳಿಸುತ್ತೇನೆ. ಏರಿಯ ಕಡೆ ಅಂಚು ನೆಟ್ಟಗಿರುತ್ತದೆ, ಹಿನ್ನೀರಿನ ಕಡೆ ಬೆರಳು ಚಾಚಿದಂತೆ ಒಳಹೊಕ್ಕಿರುತ್ತದೆ. ನೀರು ಬರುವುದು ಬೆರಳುಗಳ ಕಡೆಯಿಂದ. ಇಬ್ಬರು ಬೇರೆಬೇರೆ ದಿಕ್ಕು ಹೇಳಿದರೆ ತೀರ್ಮಾನ ನಾನು ಕೊಡುವುದಿಲ್ಲ. ಕೆರೆಯ ಎರಡೂ ಬದಿಯ ಕಂದು ರೇಖೆಗಳ ಅಂಕಿಗಳನ್ನು ಓದಿ ಅವರೇ ಇತ್ಯರ್ಥ ಮಾಡಿಕೊಳ್ಳಬೇಕು.