ಬಾಯ್ಲರ್ ತಪಾಸಣೆಗೆ ಮೊದಲೇ ನಾವೇ ಪಂಪ್ ಹೊಡೆದದ್ದು

“ಎರಡೆರಡು ಸಲ ಪ್ರೆಶರ್ ಕೊಟ್ರ ಟ್ಯೂಬಿನ ಬಾಯಿ ಸಡಿಲ ಆಗ್ತಾವ್ರೀ, ಸುಮ್ನಿರ್ರಿ” ಅಂತ, ಇನ್ಸ್‌ಪೆಕ್ಟರ್ ಬರುವ ಮೊದಲೇ ಬಾಯ್ಲರಿಗೆ ನೀರು ತುಂಬಿ ಪಂಪಿನಿಂದ ಪ್ರೆಶರ್ ಕೊಟ್ಟು ಸೋರಿಕೆ ನೋಡುತ್ತೇವೆ ಅಂದಾಗ ತಡೆದವರೇ ಈಗ ನಮ್ಮ ಹ್ಯಾಂಡ್ ಪಂಪ್ ಕೇಳಿ ಒಯ್ಯುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ನಮ್ಮದು ಶಹಾಪುರದ ಕಡೆ ರೈಸ್ ಮಿಲ್. ಹೊಟ್ಟು ಉರಿಸುವ ಗಂಟೆಗೆ ಎರಡು ಟನ್ ಹಬೆ ಕೊಡುವ ಬಾಯ್ಲರ್, ವರ್ಕಿಂಗ್ ಪ್ರೆಶರ್ ಚದರ ಸೆಂ.ಮೀ.ಗೆ 10.5 ಕೆಜಿ. ಬಾಯ್ಲರ್ ನಡೆಸಲು ಇಲಾಖೆ ಕೊಡುವ ಸರ್ಟಿಫಿಕೇಟು ಹೆಚ್ಚೆಂದರೆ 12 ತಿಂಗಳಿಗೆ. ನಮ್ಮದು ಮುಗಿಯುತ್ತಿದ್ದುದು ಡಿಸೆಂಬರಿನಲ್ಲಿ, ನಾರಾಯಣಪುರ ಕಾಲುವೆಯ ಭತ್ತ ಅಂಗಳ ತುಂಬುವ ಹೊತ್ತಿಗೇ. ಒಂದು ವರ್ಷ ಪ್ರೆಶರ್ ಪರೀಕ್ಷೆಯಲ್ಲಿ ಇನ್ಸ್‌ಪೆಕ್ಟರ್ ಎದುರೇ ಗೇಜಿನ ಮುಳ್ಳು ಇಳಿಯಿತು. ಹ್ಯಾಂಡ್‌ಹೋಲ್‌ನಲ್ಲಿ (ಒಳಗೆ ಕೈ ಹಾಕಿ ತೊಳೆಯುವ ಕಿಂಡಿ) ಜಿನುಗು, ಹಿಂದಿನ ಪ್ಲೇಟಿನಲ್ಲಿ ಮೂರ್ನಾಲ್ಕು ಟ್ಯೂಬಿನ ಬಾಯಿ ಒದ್ದೆ. ಇನ್ನೊಂದು ದಿನಾಂಕ ಸಿಗುವತನಕ ಮಿಲ್ ಬಂದ್. ಹಮಾಲರ ಕೂಲಿ, ಕರೆಂಟ್ ಬಿಲ್ಲು, ಒಪ್ಪಿಕೊಂಡ ಲೋಡು ಎಲ್ಲಾ ಸೇರಿ ಎರಡು ಲಕ್ಷದ ಆಸುಪಾಸು ಹೋಯಿತು.

ಅದಕ್ಕೂ ಮೊದಲು ಕಾಂಟ್ರಾಕ್ಟರ್ ಒಬ್ಬರು ನಲವತ್ತು ಸಾವಿರದಷ್ಟು ತೆಗೆದುಕೊಂಡು ಆ್ಯಸಿಡ್ ಹಾಕಿ ಸ್ಕೇಲ್, ಅಂದರೆ ಗಡಸು ನೀರಿನಿಂದ ಟ್ಯೂಬಿಗೆ ಕಟ್ಟಿದ ಪದರ, ತೆಗೆದಿದ್ದರು. ಸ್ಕೇಲ್ ಹೋಯಿತು, ಟ್ಯೂಬಿನ ಬಾಯಿಯ ಹಿಡಿತವೂ ಹೋಯಿತು. ಊರಿನ ವೆಲ್ಡರ್ ಕರೆಸಿ ಟಾಕಿ ಹಾಕಿಸಿಬಿಡಿ ಅಂದರು ಕೆಲವರು. ಇಲಾಖೆಯ ಅನುಮತಿ, ಐಬಿಆರ್ (ಭಾರತೀಯ ಬಾಯ್ಲರ್ ನಿಯಮಾವಳಿ) ಸರ್ಟಿಫಿಕೇಟಿನ ವೆಲ್ಡರ್ ಎರಡೂ ಇಲ್ಲದೆ ಪ್ರೆಶರ್ ಭಾಗ ಮುಟ್ಟಲು ನಾನು ಬಿಡಲಿಲ್ಲ. ಇಲಾಖೆಗೆ ತಿಳಿಸಿ ಟ್ಯೂಬಿನ ಬಾಯಿ ಅಗಲಿಸಿ ಬಿಗಿ ಮಾಡುವ ಎಕ್ಸ್‌ಪಾಂಡರ್‌ನಿಂದ ಮತ್ತೆ ರೋಲ್ ಮಾಡಿಸಿದೆವು.

ಈಗ ಮಿಲ್ ಖಾಲಿ ಇರುವ ಸೆಪ್ಟೆಂಬರಿಗೇ ಅರ್ಜಿ ಹಾಕಿ ತಪಾಸಣೆಯನ್ನು ಡಿಸೆಂಬರಿಗಿಂತ ಮೊದಲೇ ಮಾಡಿಸಿಕೊಳ್ಳುತ್ತೇವೆ. ಸಾಹೇಬರು ಬರುವ ಒಂದು ವಾರ ಮೊದಲು ಸೇಫ್ಟಿ ವಾಲ್ವ್ ಬಿಚ್ಚಿ ಅದರ ಜಾಗಕ್ಕೆ ಬ್ಲ್ಯಾಂಕ್ (ಮುಚ್ಚುವ ತಟ್ಟೆ) ಹಾಕಿ, ತಣ್ಣೀರು ತುಂಬಿ, ಮೇಲಿನ ಕಾಕ್‌ನಿಂದ ಗಾಳಿ ಪೂರ್ತಿ ಬಿಟ್ಟು ಕೈಪಂಪಿನಿಂದ ನಿಧಾನ ಏರಿಸುತ್ತೇವೆ. ಒಂದೂವರೆ ಪಟ್ಟು, ಅಂದರೆ 15.75 ಕೆಜಿ. ಅದರ ಮೇಲೆ ಒಂದು ಹೊಡೆತವೂ ಇಲ್ಲ. ಒಳಗೆ ಗಾಳಿ ಉಳಿದರೆ ಪಂಪ್ ಹೊಡೆದಷ್ಟೂ ಮುಳ್ಳು ಸೋಮಾರಿಯಾಗಿ ಏರುತ್ತದೆ, ಹಂಗಾದರೆ ಮತ್ತೆ ಮೊದಲಿಂದ. ಜಿನುಗಿದ್ದಕ್ಕೆ ಸೀಮೆಸುಣ್ಣದ ಗುರುತು. ಹ್ಯಾಂಡ್‌ಹೋಲ್ ಗ್ಯಾಸ್ಕೆಟ್‌ಗೆ ಏನು ಸವರುತ್ತೇನೆ ಅನ್ನೋದು ನಮ್ಮ ಮಿಲ್ಲಿನೊಳಗೇ ಇರಲಿ. ಪಂಪು, ಗ್ಯಾಸ್ಕೆಟ್, ಗೇಜ್ ಕ್ಯಾಲಿಬ್ರೇಶನ್ ಎಲ್ಲಾ ಹದಿನೈದು ಸಾವಿರದೊಳಗೆ ಮುಗಿಯಿತು. ಆಮೇಲೆ ಒಂದು ತಪಾಸಣೆಯೂ ಮುಂದಕ್ಕೆ ಹೋಗಿಲ್ಲ.

ನಡುವೆ ಸ್ಕೇಲ್ ಕಟ್ಟದಿರಲಿ ಅಂತ ಜಾಲಿ ತೊಗಟೆಯನ್ನೂ ನೋಡಿದೆ. ಕುದಿಸಿದ ಕಷಾಯ ಫೀಡ್ ಟ್ಯಾಂಕಿಗೆ ಬಿಟ್ಟೆ. ಬ್ಲೋಡೌನ್‌ನಲ್ಲಿ (ತಳದ ನೀರು ಹೊರಬಿಡುವಾಗ) ರಾಡಿ ಚೆನ್ನಾಗಿ ಬಂತು, ಆದರೆ ಗೇಜ್ ಗ್ಲಾಸ್ ಚಹಾದಂತೆ ಕಪ್ಪಾಗಿ ನೀರಿನ ಮಟ್ಟವೇ ಕಾಣದಾಯಿತು. ನಿಲ್ಲಿಸಿದೆ. ಬೋರಿನ ನೀರಿಗೆ ಗಡಸುತನ ತೆಗೆಯುವ ಸಾಫ್ಟನರ್ರೇ ಗತಿ.

1923ರ ಬಾಯ್ಲರ್ ಕಾಯ್ದೆ ಹೋಗಿ 2025ರದ್ದು ಬಂದಿದೆ, ಇನ್ನು ಸಡಿಲ ಅಂತ ಯಾರೋ ಸುದ್ದಿ ಹಬ್ಬಿಸಿದ್ದರು. ಸರ್ಟಿಫಿಕೇಟ್ ಇಲ್ಲದೆ ಬೆಂಕಿ ಹಚ್ಚುವಂತಿಲ್ಲ, ಅದು ಹಂಗೇ ಇದೆ.

ಇನ್ನೊಂದು, ಬಣ್ಣ ನೋಡಿ ಕೆಟ್ಟ ಕಾಳು ಬೇರ್ಪಡಿಸುವ ಯಂತ್ರ, ಕಲರ್ ಸಾರ್ಟರ್‌ಗೆ ಗಾಳಿ ಕೊಡುವ ರಿಸೀವರ್ ಟ್ಯಾಂಕ್. ಅದು ಬಾಯ್ಲರ್ ಅಲ್ಲ, ಬೇರೆ ನಿಯಮಕ್ಕೆ ಬರುತ್ತದೆ; 2025ರ ನವೆಂಬರ್‌ತನಕ ಅದು ಕಾರ್ಖಾನೆ ಕಾಯ್ದೆಯ 31ನೇ ಕಲಮು ಆಗಿತ್ತು. ಆರು ತಿಂಗಳಿಗೊಮ್ಮೆ ಹೊರಗಿಂದ, ವರ್ಷಕ್ಕೊಮ್ಮೆ ಒಳಗಿಂದ ಕಾಂಪಿಟೆಂಟ್ ಪರ್ಸನ್ (ಸರ್ಕಾರ ಮಾನ್ಯ ಮಾಡಿದ ತಪಾಸಕ) ನೋಡಿ ವರದಿ ಕೊಡಬೇಕು. ಕಲಬುರಗಿಯ ಬೇಳೆ ಮಿಲ್ಲಿನ ಗೆಳೆಯರೂ ಇದನ್ನು ಮರೆಯುತ್ತಾರೆ. ಕೆಳಗಿನ ಡ್ರೇನ್ ಕಾಕ್ ದಿನಾ ತೆರೆಯಿರಿ, ತುಕ್ಕು ಹಿಡಿಯೋದು ಅಲ್ಲಿಂದಲೇ.